ಮೂವತ್ತಮೂರು ಖಾಲಿ ಚೀಲಗಳು

ನನ್ನಿಂದ ಪಿಎಚ್.ಡಿ. ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಹೇಳಿದ್ದೂ ಮನೆಯೊಳಗಲ್ಲ, ಯಶವಂತನಗರದ ಬಸ್ ಸ್ಟ್ಯಾಂಡಿನಲ್ಲಿ, ಗಣಿ ಕಂಪನಿಯ ಬಸ್ಸಿಗೆ ಕಾಯುತ್ತಿದ್ದ ಎರಡನೇ ಪಾಳಿಯವರ ಎದುರಿಗೆ. "ಅದೆಲ್ಲ ಆಗೋ ಮಾತಲ್ಲ ಬಿಡು. ಆದ್ರೂ, ಸೂಜಿ ಮಾಡಾಕ ಬರದ ಡಾಕ್ಟರ್‌ನ ಕಟ್ಕೊಂಡು ಊರಿಗೇನು ಉಪಯೋಗ?" ಎಂದ. ನಿಂತವರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೊಂದು ಮಾತು ಬರುತ್ತಿತ್ತು.

ಅವನದು ಬರೀ ಹೊಟ್ಟೆಕಿಚ್ಚು ಎಂದರೆ ತಪ್ಪಾಗುತ್ತದೆ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮಾವನಿಗೆ ಮೊದಲ ಹಕ್ಕು. ಅವನು ಎರಡು ವರ್ಷ ನನಗಾಗಿ ಕಾದು, ನಾನು ಎಂ.ಎ.ಗೆ ಹೆಸರು ಹಚ್ಚಿದ ಮೇಲೆ ಕುರೆಕುಪ್ಪದ ಕಡೆಯಿಂದ ಹೆಣ್ಣು ತಂದ. ಅವನು ಕಂಡ ಲೋಕದಲ್ಲಿ ಓದಿದವರು ಎರಡು ಬಗೆ. ಗಣಿ ಆಫೀಸಿನ ಬಾಗಿಲ ಒಳಗೆ ಕೂತವರು, ಮತ್ತು ಓದಿಯೂ ಆ ಬಾಗಿಲ ಹೊರಗೆ ನಿಂತವರು. ನಮ್ಮ ಜನರಲ್ಲಿ ಓದಿದ ಒಬ್ಬಿಬ್ಬರೂ ಹೊರಗೇ ನಿಂತಿದ್ದರು.

ಅಪ್ಪ ಗಣಿಯ ಕ್ರಷರ್‌ನಲ್ಲಿ ಇಪ್ಪತ್ತು ವರ್ಷ ಅದಿರಿನ ಪುಡಿ ಕುಡಿದ. ಕುಡಿದ ಎಂದೇ ಬರೆಯಬೇಕು, ಸಂಜೆ ಮನೆಗೆ ಬಂದು ಬಾಯಿ ಮುಕ್ಕಳಿಸಿದರೆ ಕೆಂಪು ನೀರು ಬೀಳುತ್ತಿತ್ತು. ಅವ್ವ ಮೊದಲು ಅದಿರು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಅದು ಯಂತ್ರಕ್ಕೆ ಹೋದ ಮೇಲೆ ಹೊಲದ ಕೂಲಿಗೆ. ಇಬ್ಬರಿಗೂ ಅಕ್ಷರ ಬರುವುದಿಲ್ಲ. ನಮ್ಮ ಮನೆಯಲ್ಲಿ, ಹಿಂದಿನ ಮನೆಯಲ್ಲಿ, ಅಜ್ಜನ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚಪಡಬೇಕಾದ ಸಂಗತಿ ಬೇರೆಯಿದೆ, ಅದನ್ನು ಬರೆಯಲೆಂದೇ ಕೂತಿದ್ದೇನೆ.

ನಾನು ಆರಿಸಿಕೊಂಡ ವಿಷಯ ಬೂದಿಗುಡ್ಡ. ನಮ್ಮ ಸೀಮೆಯಲ್ಲಿ ಅಲ್ಲಲ್ಲಿ ಹೊಲದ ನಡುವೆ ಬೂದಿಯ ದಿಬ್ಬಗಳಿವೆ. ಹಂಪಿ ಕಡೆಯವರು ವಾಲಿಯನ್ನು ಸುಟ್ಟ ಜಾಗ ಎಂದು ಒಂದನ್ನು ತೋರಿಸುತ್ತಾರೆ. ಕಂಪ್ಲಿ ಕಡೆ ರಾಕ್ಷಸರ ಮೂಳೆಯ ಬೂದಿ ಎನ್ನುತ್ತಾರೆ. ನಿಜವಾಗಿ ಅವು ಸಾವಿರಾರು ವರ್ಷಗಳ ಹಿಂದೆ ದನ ಕಾಯುತ್ತಿದ್ದ ಜನ ತಮ್ಮ ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟು ಉಳಿದ ಬೂದಿ. ಆ ಬೂದಿಯ ಒಳಗೆ ಸುಟ್ಟು ಕರಕಲಾದ ಕಾಳುಗಳು ಸಿಗುತ್ತವೆ. ಹುರುಳಿ, ಹೆಸರು, ಒಂದೆರಡು ಬಗೆಯ ಹುಲ್ಲಿನ ಬೀಜ. ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ಯಾವ ಕಾಳು ಕಡಿಮೆಯಾಯಿತು, ಯಾವುದು ಹೆಚ್ಚಾಯಿತು ಎಂದು ನೋಡಿದರೆ ಆ ಜನ ಯಾವಾಗ ದನದ ಹಿಂದೆ ಓಡಾಡುವುದನ್ನು ಬಿಟ್ಟು ಉಳುಮೆಗೆ ನಿಂತರು ಎಂದು ತಿಳಿಯಬಹುದು. ನನ್ನ ಪ್ರಬಂಧ ಪೂರ್ತಿ ನಿಂತಿದ್ದು ಈ ಒಂದು ಮಾತಿನ ಮೇಲೆ. ಬರೀ ಬೂದಿಯಿಂದ ಏನೂ ತಿಳಿಯುವುದಿಲ್ಲ. ಯಾವ ಬೂದಿ ಯಾವ ಪದರದ್ದು ಎಂಬುದು ಗೊತ್ತಿರಬೇಕು.

ವಿಶ್ವವಿದ್ಯಾಲಯದ ನನ್ನ ಜೊತೆಗಾರರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಹತ್ತನೇ ತರಗತಿಯವರೆಗೆ ನಾನು ದಿನಾ ಬೆಳಿಗ್ಗೆ ಕುಳ್ಳು ತಟ್ಟಿದವಳು. ಸಗಣಿಗೆ ಎಷ್ಟು ಹೊಟ್ಟು ಬೆರೆಸಿದರೆ ಹೇಗೆ ಉರಿಯುತ್ತದೆ, ಹಸಿ ಇದ್ದರೆ ಬೂದಿ ಯಾವ ಬಣ್ಣ, ಗಾಳಿ ಸಿಗದಿದ್ದರೆ ಯಾವ ಬಣ್ಣ, ಇದೆಲ್ಲ ನನಗೆ ಪುಸ್ತಕದಿಂದ ಬಂದದ್ದಲ್ಲ. ಮೊದಲ ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಕೆಲವರು ಮುಖ ಮುಖ ನೋಡಿಕೊಂಡರು. ಹೊಸಪೇಟೆಯ ವೈಷ್ಣವರ ಮನೆತನದಿಂದ ಬಂದ ನನ್ನ ಮಾರ್ಗದರ್ಶಕರು ಮಾತ್ರ ಪೆನ್ನು ತೆಗೆದು ಬರೆದುಕೊಂಡರು.

ನಾನು ಆಯ್ದುಕೊಂಡ ಗುಡ್ಡ ಕಂಪ್ಲಿ ದಾರಿಯ ಒಂದು ಹಳ್ಳಿಯ ಹೊರಗಿತ್ತು. ಹೊಲದ ಧಣಿ ಒಂದು ಅಕ್ಕಿ ಗಿರಣಿಯ ಮಾಲೀಕರು, ಹಣೆ ತುಂಬ ವಿಭೂತಿ ಹಚ್ಚುವ ದೊಡ್ಡ ಮನುಷ್ಯ. ಗುಡ್ಡದ ಒಂದು ಬದಿಯನ್ನು ಯಾವಾಗಲೋ ಇಟ್ಟಿಗೆ ಭಟ್ಟಿಯವರು ಕಡಿದು ಒಯ್ದಿದ್ದರಿಂದ ಅದು ಗೋಡೆಯ ಹಾಗೆ ನಿಂತು ತನ್ನ ಪದರಗಳನ್ನೆಲ್ಲ ತೋರಿಸುತ್ತಿತ್ತು. ಪುರಾತತ್ವ ಇಲಾಖೆಯ ಪತ್ರ ತೋರಿಸಿ, ಆ ಗೋಡೆಯನ್ನು ಕೆರೆದು ಮಾದರಿ ತೆಗೆಯಲು ಅವರ ಒಪ್ಪಿಗೆ ಪಡೆದೆ. ಎರಡು ಬೇಸಿಗೆ ಅಲ್ಲಿ ಕೆಲಸ ಮಾಡಿದೆ. ಕೆಳಗಿನಿಂದ ಮೇಲಕ್ಕೆ ತೆಗೆದರೆ ಮೇಲಿನದು ಉದುರಿ ಕೆಳಗಿನದಕ್ಕೆ ಸೇರುತ್ತದೆ, ಅದಕ್ಕೆ ಮೇಲಿನಿಂದಲೇ ಇಳಿಯಬೇಕು. ಒಂದು ಪದರ ಮುಗಿದ ಮೇಲೆ ಕರಣೆ ತೊಳೆದು, ಕೈ ತೊಳೆದು, ಮುಂದಿನದಕ್ಕೆ ಕೈ ಹಾಕಬೇಕು. ಒಂದೊಂದು ಚೀಲಕ್ಕೆ ಎರಡು ಚೀಟಿ. ಒಂದು ಒಳಗೆ, ಒಂದು ಹೊರಗೆ ದಾರದಲ್ಲಿ ಕಟ್ಟಿದ್ದು.

ಮಾರ್ಗದರ್ಶಕರು ಒಮ್ಮೆ ನೋಡಲು ಬಂದಿದ್ದರು. ಹದಿನೇಳನೆಯ ಮಾದರಿಯ ಹೊತ್ತು. ಅಲ್ಲಿ ಬೂದಿ ಪುಡಿಯಾಗಿರಲಿಲ್ಲ. ಬೆಂಕಿ ಹೆಚ್ಚಾಗಿ, ಕರಗಿ, ಗಾಜಿನ ಹಾಗೆ ಹಸಿರುಗಪ್ಪಿನ ಗಂಟು ಕಟ್ಟಿತ್ತು. ಅವರು ಬರಿಗೈ ಹಾಕಿ ಒಂದು ಗಂಟು ಮುರಿದರು. ಬೆರಳು ಕೊಯ್ದು ರಕ್ತ ಬಂತು. ಕರವಸ್ತ್ರ ಸುತ್ತಿಕೊಂಡು, "ಬರ್ಕೊಳ್ರಿ, ಹದಿನೇಳು, ಕೈ ಕೊಯ್ಯುವಷ್ಟು ಗಟ್ಟಿ" ಎಂದು ನಕ್ಕರು.

ಚೀಲ ಹೊಲಿದುಕೊಟ್ಟವಳು ಅವ್ವ. ಹಳೆಯ ಪಂಚೆ, ಲಂಗದ ಬಟ್ಟೆ ಒಗೆದು ಕತ್ತರಿಸಿ, ಕೈಸೂಜಿಯಲ್ಲೇ ನಲವತ್ತೆರಡು ಚೀಲ ಹೊಲಿದಳು. ಹೊಲಿಯುವಾಗ, ಇವು ಯಾತಕ್ಕ ಎಂದು ಕೇಳಿದಳು. ಮಣ್ಣು ತುಂಬಾಕ ಎಂದೆ. ಅಷ್ಟೇ. ಆ ಎರಡು ವರ್ಷದಲ್ಲಿ ಕಂಪ್ಲಿಯ ಹೊಲದ ಧಣಿಗೆ, ಅವರ ಟ್ರ್ಯಾಕ್ಟರ್ ಡ್ರೈವರಿಗೆ, ಎರಡು ಶಾಲೆಯ ಮಕ್ಕಳಿಗೆ ಈ ಬೂದಿ ಎಂದರೆ ಏನು ಎಂದು ಕೈ ಆಡಿಸಿ ಆಡಿಸಿ ಹೇಳಿದ್ದೇನೆ. ಅವ್ವನಿಗೆ ಹೇಳಿದ್ದು ಎರಡೇ ಪದ.

ಮುಂದಿನ ಕೆಲಸ ನೀರಿನದು. ಬೂದಿಯನ್ನು ಬಕೆಟ್ಟಿನ ನೀರಿಗೆ ಹಾಕಿ ಮೆಲ್ಲಗೆ ಕದಡಿದರೆ ಸುಟ್ಟ ಕಾಳು ಮೇಲೆ ತೇಲುತ್ತದೆ. ಅದನ್ನು ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಮಸೂರದ ಕೆಳಗೆ ಆರಿಸಬೇಕು. ಒಂದು ಚೀಲಕ್ಕೆ ವಾರ ಹಿಡಿಯುತ್ತಿತ್ತು. ಮೇಲಿನ ಒಂಬತ್ತು ಚೀಲ ಮುಗಿಸಿದ್ದೆ. ಆಗ ಕೊರೊನಾ ಬಂತು.

ಹಾಸ್ಟೆಲ್ ಖಾಲಿ ಮಾಡಲು ಎರಡು ದಿನ ಕೊಟ್ಟರು. ವಿಭಾಗದ ಕೋಣೆಗಳಿಗೆ ಬೀಗ ಬೀಳುತ್ತದೆ, ಮಳೆಗಾಲದಲ್ಲಿ ಅಲ್ಲಿ ನೀರು ಸೋರುತ್ತದೆ, ಹೊಣೆ ಯಾರೂ ಹೊರುವುದಿಲ್ಲ ಎಂದು ಹೇಳಿದರು. ಉಳಿದ ಮೂವತ್ತಮೂರು ಚೀಲಗಳನ್ನು ಟೆಂಪೊದಲ್ಲಿ ಹಾಕಿಕೊಂಡು, ಹೊಸಪೇಟೆ ದಾಟಿ, ಸಂಡೂರಿನ ಗುಡ್ಡ ಹತ್ತಿ, ಯಶವಂತನಗರದ ನಮ್ಮ ಎರಡು ಕೋಣೆಯ ಮನೆಗೆ ತಂದೆ. ಒಲೆಯ ಪಕ್ಕದ ಮೂಲೆ ಬೆಚ್ಚಗೆ, ಒಣಗಿದ್ದು. ಅಲ್ಲಿ ಒಂದರ ಮೇಲೊಂದು ಒಟ್ಟಿದೆ. ಒಲೆ ಉರಿಯುವುದನ್ನು ಬಿಟ್ಟು ಮೂರ್ನಾಲ್ಕು ವರ್ಷವಾಗಿತ್ತು. ಗ್ಯಾಸ್ ಬಂದಿತ್ತು.

ಆ ತಿಂಗಳುಗಳಲ್ಲಿ ಗಣಿ ನಿಂತಿತು, ಅಪ್ಪನ ಕೆಲಸ ನಿಂತಿತು, ಆದರೆ ಕೆಮ್ಮು ನಿಲ್ಲಲಿಲ್ಲ. ಕೊರೊನಾ ಎಂದು ಓಣಿಯವರು ಹೆದರಿದರು. ಅದು ಹಳೆಯ ಕೆಮ್ಮು, ಕ್ರಷರಿನ ಕೆಮ್ಮು, ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಹೆದರಿದರು. ಅವ್ವ ಚಳಿಗಾಲದಲ್ಲಿ ಸಂಡೂರು ಕಡೆಯ ಹೊಲಗಳಿಗೆ ಕೊಯ್ಲಿಗೆ ಹೋಗಿ ಕೂಲಿಯ ಬದಲು ಎರಡು ಚೀಲ ಹುರುಳಿ ತಂದಿದ್ದಳು. ರೇಷನ್ ಅಕ್ಕಿ, ಆ ಹುರುಳಿಯ ಸಾರು. ವರ್ಷ ದೂಡಲು ಇದ್ದದ್ದು ಅದೇ.

ಮಳೆ ಶುರುವಾದ ಮೇಲೆ ಬಸ್ಸು ಬಿಟ್ಟರು. ವರದಿ ಒಪ್ಪಿಸಲು ವಿಭಾಗದವರು ನನ್ನನ್ನು ಕರೆದರು. ಹತ್ತು ದಿನ ಹೊಸಪೇಟೆಯಲ್ಲಿ ಗೆಳತಿಯ ಮನೆಯಲ್ಲಿದ್ದು ಹಿಂದಿರುಗಿದೆ.

ಒಲೆಯ ಮೂಲೆ ಬರಿದಾಗಿತ್ತು. ಸಗಣಿ ಹಾಕಿ ಸಾರಿಸಿ, ಒಂದೆಳೆ ರಂಗೋಲಿಯನ್ನೂ ಎಳೆದಿದ್ದಳು ಅವ್ವ. ಗೋಡೆಯ ಗೂಡಿನಲ್ಲಿ ಮೂವತ್ತಮೂರು ಚೀಲಗಳನ್ನು ಒಗೆದು, ಮಡಚಿ, ಇಸ್ತ್ರಿ ಮಾಡಿದ ಹಾಗೆ ಜೋಡಿಸಿಟ್ಟಿದ್ದಳು. ಅವುಗಳ ಮೇಲೆ ಚೀಟಿಗಳ ಕಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ದು. ಅಕ್ಷರ ಇರುವ ಕಾಗದವನ್ನು ಅವ್ವ ಯಾವತ್ತೂ ಎಸೆಯುವವಳಲ್ಲ.

ಬೂದಿ ಎಲ್ಲಿ ಎಂದು ಕೇಳಿದೆ. ಹುರುಳಿಗೆ ನುಸಿ ಬಿದ್ದಿತ್ತು, ಎಂದಳು. ನಮ್ಮಲ್ಲಿ ಕಾಳು ಕೆಡದಂತೆ ಬೂದಿ ಬೆರೆಸಿ ಇಡುತ್ತಾರೆ, ನುಸಿ ಹತ್ತುವುದಿಲ್ಲ. ಗ್ಯಾಸ್ ಬಂದ ಮೇಲೆ ಓಣಿಯಲ್ಲಿ ಯಾರ ಮನೆಯಲ್ಲೂ ಬೂದಿ ಇಲ್ಲ. ಮಗಳು ಎಲ್ಲಿಂದಲೋ ಇಷ್ಟು ಸಣ್ಣನೆಯ, ಹಳೆಯ, ಕಸವಿಲ್ಲದ ಬೂದಿ ತಂದು ಒಲೆಯ ಪಕ್ಕದಲ್ಲೇ ಇಟ್ಟಿದ್ದಾಳೆ. ಎಲ್ಲವನ್ನೂ ಡ್ರಮ್ಮಿಗೆ ಸುರಿದು, ಜರಡಿ ಹಿಡಿದು, ಗಟ್ಟಿ ಗಂಟುಗಳನ್ನು ಹಿತ್ತಲಿಗೆ ಚೆಲ್ಲಿ, ಹುರುಳಿಗೆ ಬೆರೆಸಿದ್ದಳು. ಮಿಕ್ಕಿದ್ದನ್ನು ಓಣಿಯ ಹನ್ನೊಂದು ಮನೆಗೆ ಹಂಚಿದ್ದಳು. "ಎಲ್ಲಾರೂ ಭಾಳ ಹೊಗಳಿದ್ರವ್ವ, ಚಲೋ ಬೂದಿ ಅಂತ" ಎಂದಳು. ಅವಳ ಮುಖದಲ್ಲಿ ಖುಷಿಯಿತ್ತು. ಕೊಡಲು ಏನೂ ಇಲ್ಲದ ಆ ವರ್ಷದಲ್ಲಿ ಅವಳಿಗೆ ಹನ್ನೊಂದು ಮನೆಗೆ ಕೊಡಲು ಏನೋ ಸಿಕ್ಕಿತ್ತು.

ನಾನು ಆಗ ಆಡಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. "ಓದು ಬರಾ ಇಲ್ಲದೋಳ ಹೊಟ್ಟ್ಯಾಗ ಹುಟ್ಟಿದ್ದೇ ನನ್ನ ತಪ್ಪು. ಇನ್ನ ಮ್ಯಾಲೆ ನನ್ನ ಸಾಮಾನು ಮುಟ್ಟಬ್ಯಾಡ ನೀನು."

ಅಪ್ಪ ಹಾಸಿಗೆಯಿಂದ ಏಳಲು ನೋಡಿದ. ಕೆಮ್ಮು ಅವನನ್ನು ಮತ್ತೆ ಕೂರಿಸಿತು. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. "ನೀ ಮಣ್ಣು ಅಂದಿದ್ದಿ" ಎಂದಳು.

ಮರುದಿನ ಬೆಳಿಗ್ಗೆ ನಾನು ಓಣಿಯ ಹನ್ನೊಂದು ಮನೆಗೂ ಹೋಗಿ ಬೂದಿ ವಾಪಸ್ ಕೇಳಿದೆ. ಏನು ಮಾಡುತ್ತಿದ್ದೆನೋ ನನಗೇ ತಿಳಿಯದು. ಪದರಗಳೆಲ್ಲ ಕೂಡಿದ ಮೇಲೆ ಅದು ಬರೀ ಬೂದಿ. ಆದರೂ ಕೇಳಿದೆ. ಕೆಲವರು ತಾಟಿನಲ್ಲಿ ತಂದುಕೊಟ್ಟರು, ಕೆಲವರು ಪಾತ್ರೆ ತಿಕ್ಕಿ ಮುಗಿಸಿದ್ದರು. ಒಬ್ಬ ಅತ್ತೆ, ಓಣಿಗೆಲ್ಲ ಅತ್ತೆ, ಬಾಗಿಲಲ್ಲಿ ನಿಂತು, "ಕೊಟ್ಟ ಬೂದಿ ತಿರುಗಿ ಕೇಳೋರನ್ನ ಇವತ್ತೇ ನೋಡಿದ್ದು ನಾನು. ಓದಿದ್ರೆ ಹಿಂಗ ಆಗ್ತಾರೇನವ್ವ?" ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ಅವ್ವ ನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಕೊಟ್ಟದ್ದನ್ನು ಅವಳ ಮಗಳು ಮನೆಮನೆಗೆ ಹೋಗಿ ಕಸಿದುಕೊಂಡು ಬರುತ್ತಿದ್ದಳು.

ಇನ್ನೊಮ್ಮೆ ಗುಡ್ಡಕ್ಕೆ ಹೋಗಿ ಮಾದರಿ ತೆಗೆದರಾಯಿತು ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಎರಡು ಬೇಸಿಗೆ ಹೋದರೆ ಹೋಗಲಿ. ಕಂಪ್ಲಿಗೆ ಹೋದೆ. ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡೆದೆ. ತಿರುವಿನಲ್ಲಿ ಯಾವಾಗಲೂ ಕಾಣುತ್ತಿದ್ದ ದಿಬ್ಬ ಕಾಣಲಿಲ್ಲ. ದಾರಿ ತಪ್ಪಿದೆ ಎಂದುಕೊಂಡು ಹಿಂದಕ್ಕೆ ಹೋಗಿ ಮತ್ತೆ ಬಂದೆ. ಅದೇ ಬೇವಿನ ಮರ, ಅದೇ ಪಂಪ್‌ಸೆಟ್ ಮನೆ. ನಡುವೆ ನೀರು ನಿಂತ ಗದ್ದೆ, ಆಗಷ್ಟೇ ಹಚ್ಚಿದ ಭತ್ತದ ಸಸಿ.

ಧಣಿ ಗಿರಣಿಯಲ್ಲಿದ್ದರು. ಕುಂದ್ರಿ ಮೇಡಂ ಎಂದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಎರಡು ತಿಂಗಳು ಟ್ರ್ಯಾಕ್ಟರು, ಜೆಸಿಬಿ ಎಲ್ಲ ಖಾಲಿ ನಿಂತಿದ್ದವು, ಇದೇ ಹೊತ್ತು ಎಂದು ಮಟ್ಟ ಮಾಡಿಸಿಬಿಟ್ಟೆ ಎಂದರು. ಬೂದಿಯನ್ನು ಅರ್ಧ ಹೊಲಕ್ಕೆ ಹರಡಿದ್ದರು, ಅರ್ಧ ರಸ್ತೆಯ ಗುಂಡಿಗೆ ಹೋಗಿತ್ತು. ನನ್ನ ಮುಖ ನೋಡಿ ಅವರಿಗೆ ಕೆಟ್ಟದೆನಿಸಿತೇನೋ, ದನಿ ತಗ್ಗಿಸಿ ಕೇಳಿದರು. "ನಿಮಗ ಬೇಕಾದ್ದು ನಲವತ್ತು ಚೀಲ ಒಯ್ದಿದ್ರಲ್ಲರಿ. ಅಷ್ಟು ಸಾಲಲಿಲ್ಲೇನು?"

ಚಹಾ ಕುಡಿದು ಎದ್ದೆ. ಬೈಯಲು ನನಗೆ ಯಾವ ಬಾಯಿಯೂ ಇರಲಿಲ್ಲ.

ಆಗ ಒಬ್ಬ ಸೀನಿಯರ್ ನೆನಪಾದ. ಹಂಪಿಯಲ್ಲಿ ಗೈಡ್ ಕೆಲಸ ಮಾಡುತ್ತಲೇ ಸಂಶೋಧನೆ ನಡೆಸುತ್ತಿದ್ದವನು, ಜಾಣ, ಒಂದೇ ಕಲ್ಲಿಗೆ ಮೂರು ಥರದ ಪ್ರವಾಸಿಗರಿಗೆ ಮೂರು ಕತೆ ಹೇಳುವವನು. ಅವನನ್ನು ಹುಡುಕಿಕೊಂಡು ಹಂಪಿಗೆ ಹೋದೆ. ಪ್ರವಾಸಿಗರೇ ಇಲ್ಲದ ಆ ದಿನಗಳಲ್ಲಿ ಬಾಳೆತೋಟದ ಬದಿಯ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತಿದ್ದ. ಎಲ್ಲ ಕೇಳಿದ. ನಗಲಿಲ್ಲ. ಚೀಲ ಇವೆ, ಚೀಟಿ ಇವೆ, ಬೂದಿಯೂ ಅಷ್ಟಿಷ್ಟು ಇದೆ, ಇನ್ನೇನು ಬೇಕು ಎಂದ.

"ಬೂದಿಗೆ ಆಧಾರ್ ಕಾರ್ಡ್ ಇರತೈತೇನು? ತುಂಬಿ ಕಟ್ಟು. ಗುಡ್ಡನೂ ಹೋತು, ಯಾರು ಹೋಗಿ ನೋಡ್ತಾರ? ನಿಮ್ಮವ್ವ ನಿನಗ ಉಪಕಾರನ ಮಾಡ್ಯಾಳ ತಗಿ."

ಅವನ ಮಾತಿಗೆ ನಾನು ಮೈಮೇಲೆ ಬೆಂಕಿ ಬಿದ್ದವಳಂತೆ ಎದ್ದುಬಂದೆ ಎಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ. ಮನೆಗೆ ಬಂದು, ಅವ್ವ ಕೂಲಿಗೆ ಹೋಗಿದ್ದ ಒಂದು ಮಧ್ಯಾಹ್ನ, ಡ್ರಮ್ಮಿನಲ್ಲಿ ಕೂಡಿಸಿಟ್ಟ ಬೂದಿಯಿಂದ ಚೀಲ ತುಂಬಲು ಕೂತೆ. ಅಪ್ಪ ಹಾಸಿಗೆಯಿಂದ ನೋಡುತ್ತಿದ್ದ. ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಸರಿಹೋಯಿತೇನವ್ವ ಎಂದು ಕೇಳಿದ. ಹೂಂ ಎಂದೆ. ಬೂದಿಯಲ್ಲಿದ್ದ ಹೊಸ ಹುರುಳಿಯನ್ನು ಒಂದೊಂದಾಗಿ ಆರಿಸಿ ತೆಗೆದೆ. ನಾಲ್ಕು ಚೀಲ ತುಂಬಿ, ಚೀಟಿ ಕಟ್ಟಿ, ಹೊಸಪೇಟೆಯ ಬಸ್ಸು ಹಿಡಿದೆ. ನನ್ನ ನೋಂದಣಿಯ ಅವಧಿ ಮುಗಿಯಲು ಒಂದು ವರ್ಷ ಚಿಲ್ಲರೆ ಉಳಿದಿತ್ತು. ಅದು ಮುಗಿದರೆ ಮತ್ತೆ ಮೊದಲಿನಿಂದ, ಅಂದರೆ ನಮ್ಮ ಮನೆಯ ಲೆಕ್ಕದಲ್ಲಿ ಮತ್ತೆ ಎಂದೂ ಇಲ್ಲ.

ಮಾರ್ಗದರ್ಶಕರ ಕೋಣೆಯಲ್ಲಿ ನಾಲ್ಕೂ ಚೀಲಗಳನ್ನು ಮೇಜಿನ ಮೇಲಿಟ್ಟೆ. ಇವನ್ನು ನೀರಿಗೆ ಹಾಕಲು ಶುರುಮಾಡುತ್ತೇನೆ ಸರ್ ಎಂದೆ. ಅವರು ಕನ್ನಡಕ ಏರಿಸಿ ಚೀಟಿಗಳನ್ನು ಓದಿದರು. ಒಂದು ಚೀಲವನ್ನು ಹತ್ತಿರ ಎಳೆದುಕೊಂಡು, ದಾರ ಬಿಚ್ಚಿ, ಒಳಗೆ ಕೈ ಇಟ್ಟರು. ಬಹಳ ಹೊತ್ತು ಕೈ ಒಳಗೇ ಇತ್ತು. ಹೊರಗೆ ತೆಗೆದು ಬೆರಳುಗಳ ನಡುವೆ ಆ ನುಣ್ಣನೆಯ ಬೂದಿಯನ್ನು ಉಜ್ಜಿದರು.

"ಇದು ಹದಿನೇಳಾ?" ಎಂದರು.

ಅವ್ವ ಜರಡಿ ಹಿಡಿದು ಚೆಲ್ಲಿದ ಗಾಜಿನ ಗಂಟುಗಳು ನಮ್ಮ ಹಿತ್ತಲಲ್ಲಿ ಬಿದ್ದಿದ್ದವು. ಹಿಂದಿನ ದಿನ ಅವುಗಳ ಪಕ್ಕದಲ್ಲೇ ಕೂತು ಬಟ್ಟೆ ಒಗೆದಿದ್ದೆ. ತುಂಬುವಾಗ ಹದಿನೇಳು ನೆನಪಾಗಲಿಲ್ಲ. ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು, ನಾನೂ ಅದನ್ನೇ ನಂಬಿಬಿಟ್ಟಿದ್ದೆ.

ಎಲ್ಲವನ್ನೂ ಹೇಳಿದೆ. ನನ್ನ ಪ್ರಾಮಾಣಿಕತೆ ಅಂದರೆ ಇಷ್ಟು: ಸಿಕ್ಕಿಬಿದ್ದ ಮೇಲೆ ಬಾಯಿಬಿಟ್ಟದ್ದು. ಹೇಳುವಾಗಲೂ, ನಮ್ಮವ್ವ ಮಾಡಿದ ಕೆಲಸ ಸರ್, ಅವಳಿಗೆ ಏನೂ ತಿಳಿಯುವುದಿಲ್ಲ ಎಂದೇ ಶುರುಮಾಡಿದ್ದೆ.

ಅವರು ಬೈಯಲಿಲ್ಲ. "ಅದು ಏನು ಅಂತ ನೀವು ಅವರಿಗೆ ಯಾವಾಗ ಹೇಳಿದ್ರಿ?" ಎಂದು ಕೇಳಿದರು. ಹೇಳಿರಲಿಲ್ಲ ಎಂದೆ. ಅವರು ಚೀಲದ ಬಾಯಿ ಕಟ್ಟಿ ನನ್ನ ಕಡೆ ತಳ್ಳಿದರು. ಸರಿಯಾಗಿ ಮುಗಿದದ್ದು ಎಷ್ಟು ಎಂದರು. ಒಂಬತ್ತು. "ಒಂಬತ್ತು ಎಷ್ಟು ಹೇಳ್ತಾವೋ ಅಷ್ಟೇ ಹೇಳ್ರಿ. ಉಳಿದದ್ದು ಎಲ್ಲಿ ಹೋಯ್ತು ಅನ್ನೋದನ್ನೂ ಬರೀರಿ. ಇನ್ನೊಂದು ಸಲ ಹಿಂಗ ಬಂದ್ರೆ ನನ್ನ ಬಾಗಿಲು ದಾಟಬ್ಯಾಡ್ರಿ."

ಮೇಲಿನ ಒಂಬತ್ತು ಪದರಗಳು ಬಹಳ ಹೇಳುವುದಿಲ್ಲ. ಅವು ಆ ಜನ ಆಗಲೇ ಉಳುಮೆಗೆ ನಿಂತ ಕಾಲದವು. ಯಾವಾಗ ನಿಂತರು, ಹೇಗೆ ನಿಂತರು ಎಂಬ ನನ್ನ ಪ್ರಶ್ನೆಯ ಉತ್ತರ ಕೆಳಗಿತ್ತು. ಪ್ರಬಂಧದ ಶೀರ್ಷಿಕೆ ಬದಲಾಯಿತು, ಎರಡು ಅಧ್ಯಾಯ ಹೋದವು. ಸುತ್ತಲಿನ ತಾಲ್ಲೂಕುಗಳಲ್ಲಿ ಎಷ್ಟು ಬೂದಿಗುಡ್ಡ ಉಳಿದಿವೆ, ಹೋದವು ಎಲ್ಲಿಗೆ ಹೋದವು ಎಂದು ಹಳ್ಳಿ ಹಳ್ಳಿ ತಿರುಗಿ ಬರೆದೆ. ಗದ್ದೆಗೆ, ಭಟ್ಟಿಗೆ, ರಸ್ತೆಗೆ. ಪಟ್ಟಿ ಬೆಳೆಯುತ್ತ ಹೋಯಿತು. ಕೊನೆಯಲ್ಲಿ ಒಂದು ಪ್ಯಾರಾ: ಮೂವತ್ತಮೂರು ಮಾದರಿಗಳು ಸಂಶೋಧಕಿಯ ಮನೆಯಲ್ಲಿ ಕಾಳು ಸಂಗ್ರಹಣೆಗೆ ಬಳಕೆಯಾಗಿ ನಾಶವಾದವು. ಈ ವಾಕ್ಯ ಬರೆಯಲು ನನಗೆ ಒಂದು ವಾರ ಹಿಡಿಯಿತು.

ಆ ಹೊತ್ತಿಗೆ ಮನೆಯಲ್ಲಿ ಒಂದು ಸಂಗತಿ ರೂಢಿಯಾಗಿಹೋಗಿತ್ತು. ಅವ್ವ ನನ್ನ ಯಾವ ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ಕಸ ಗುಡಿಸುವಾಗ ನನ್ನ ಪುಸ್ತಕದ ಸುತ್ತ ಒಂದು ಮೊಳ ಬಿಟ್ಟು ಗುಡಿಸುತ್ತಿದ್ದಳು. ನೆಲದ ಮೇಲೆ ಪೆನ್ನು ಬಿದ್ದಿದ್ದರೆ, "ಪೆನ್ನು ಬಿದ್ದೈತಿ" ಎಂದು ಹೇಳಿ ನಾನು ಬರುವವರೆಗೆ ಕಾಯುತ್ತಿದ್ದಳು. ಒಗೆಯಲು ಹಾಕಿದ ನನ್ನ ಚೂಡಿದಾರದ ಜೇಬಿನಲ್ಲಿ ಬಸ್ ಟಿಕೆಟ್ ಇದ್ದರೂ ಒದ್ದೆ ಮಾಡದೆ ತಂದು ತೋರಿಸಿ, ಬೇಕೇನು ಎಂದು ಕೇಳುತ್ತಿದ್ದಳು. ಸಿಟ್ಟಿನಿಂದ ಅಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬೂದಿ ಅಂದರೆ ಏನಿತ್ತು, ಪದರ ಅಂದರೆ ಏನು ಎಂದು ಒಂದು ದಿನ ಕೂರಿಸಿ ಹೇಳಿದೆ. ಶಾಲೆಯ ಮಕ್ಕಳಿಗೆ ಹೇಳಿದಷ್ಟೇ ಚೆನ್ನಾಗಿ ಹೇಳಿದೆ. ಅವಳು ಪೂರ್ತಿ ಕೇಳಿದಳು, ಚೆನ್ನಾಗಿ ಅರ್ಥ ಮಾಡಿಕೊಂಡಳು. ಅದೇ ತಪ್ಪಾಯಿತು. ತಾನು ಹಾಳು ಮಾಡಿದ್ದು ಎಷ್ಟು ದೊಡ್ಡದು ಎಂದು ಆವರೆಗೆ ಅವಳಿಗೆ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು.

ನಾನು ಪ್ರಬಂಧ ಒಪ್ಪಿಸಿದ ಎರಡು ತಿಂಗಳಿಗೆ ಅಪ್ಪ ತೀರಿಕೊಂಡ. ಕೊನೆಯ ವಾರಗಳಲ್ಲಿ ಮಲಗಲು ಆಗುತ್ತಿರಲಿಲ್ಲ, ದಿಂಬು ಒರಗಿಸಿ ಕೂತೇ ಇರುತ್ತಿದ್ದ. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದಾಗ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎಷ್ಟು ವರ್ಷ ಧೂಳಿನಲ್ಲಿದ್ದರು ಎಂದು ನನ್ನನ್ನು ಕೇಳಿದರು. ಆ ಎಕ್ಸ್‌ರೇಯಲ್ಲಿ ಅಪ್ಪನ ಎದೆಯೊಳಗೆ ಬಿಳಿಯ ಚುಕ್ಕೆಗಳು, ಅಂಚಿನಿಂದ ಅಂಚಿಗೆ. ನಾನು ವಾರಗಟ್ಟಲೆ ಮಸೂರದ ಕೆಳಗೆ ಚುಕ್ಕೆಯಂಥ ಕಾಳು ಎಣಿಸಿದವಳು. ಅವತ್ತು ಎಣಿಸಲಿಲ್ಲ. ಮನೆಗೆ ತಂದ ನಾಲ್ಕನೇ ದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿರುವಾಗ ಹೋದ. ನನ್ನ ಓದು ಸರಿಹೋಯಿತು ಎಂದೇ ಅವನು ತಿಳಿದಿದ್ದ. ಚೀಲ ತುಂಬುತ್ತಿದ್ದ ಆ ಮಧ್ಯಾಹ್ನ ನಾನು ಹೂಂ ಎಂದಿದ್ದೆನಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಪ್ಯಾರಾ ತೆರೆದಿಟ್ಟುಕೊಂಡೇ ಕೂತಿದ್ದರು. ಕಾಳು ಸಂಗ್ರಹಣೆ ಅಂದರೇನು, ಬಿಡಿಸಿ ಹೇಳಿ ಎಂದರು. ಹುರುಳಿಗೆ ನುಸಿ ಬಿದ್ದಿತ್ತು, ನಮ್ಮ ತಾಯಿ ಬೂದಿ ಬೆರೆಸಿದರು ಎಂದೆ. ಕೋಣೆಯಲ್ಲಿ ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಕೂತ ಸಂಶೋಧನಾರ್ಥಿಗಳು, ಬಾಗಿಲಲ್ಲಿ ನಿಂತ ಅಟೆಂಡರ್, ಎಲ್ಲರೂ. ಕೆಟ್ಟ ನಗುವಲ್ಲ, ನಗು ಬರುವಂಥ ಮಾತೇ ಅದು. ನಾನು ನಗಲಿಲ್ಲ. ನಗು ನಿಂತ ಮೇಲೆ ಇನ್ನೊಂದು ವಾಕ್ಯ ಸೇರಿಸಿದೆ. ಮಾದರಿಗಳ ಬಗ್ಗೆ ತಾಯಿಗೆ ತಿಳಿಸದೆ ಇದ್ದದ್ದು ಸಂಶೋಧಕಿಯ ತಪ್ಪು, ಅದು ಪ್ರಬಂಧದಲ್ಲಿ ಬಿಟ್ಟುಹೋಗಿದೆ, ಸೇರಿಸಿಕೊಳ್ಳಬೇಕು ಎಂದೆ. ಪರೀಕ್ಷಕರು ತಿದ್ದುಪಡಿಯ ಹಾಳೆಯಲ್ಲಿ ಬರೆದುಕೊಂಡರು. ಪದವಿಗೆ ಶಿಫಾರಸು ಮಾಡಿದರು.

ಘಟಿಕೋತ್ಸವಕ್ಕೆ ಅವ್ವ ಬರಲು ಒಪ್ಪಲಿಲ್ಲ, ಅಪ್ಪ ಹೋಗಿ ವರ್ಷ ಆಗಿಲ್ಲ ಎಂದಳು. ಹೊರಡುವ ಬೆಳಿಗ್ಗೆ ಮಾತ್ರ ತಾನೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಸಂಡೂರಿನಲ್ಲಿ ಬಸ್ಸು ಬದಲಿಸಿ, ಹೊಸಪೇಟೆಯಲ್ಲಿ ಮತ್ತೆ ಬದಲಿಸಿ ಬಂದೆವು. ಅವಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ ನಾನು ಗೌನು ಹಾಕಿಕೊಳ್ಳಲು ಹೋದೆ. ವೇದಿಕೆಯ ಮೇಲೆ ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಕೂಗಿದರು. ಇಷ್ಟೆಲ್ಲ ಆದ ಮೇಲೂ, ಒಂಬತ್ತೇ ಚೀಲದ ಪದವಿ ಎಂದು ಗೊತ್ತಿದ್ದೂ, ನನ್ನ ಎದೆ ಉಬ್ಬಿತು. ಸುಳ್ಳು ಹೇಳುವುದಿಲ್ಲ. ಪ್ರಮಾಣಪತ್ರ ತೆಗೆದುಕೊಂಡೆ.

ಹೊರಗೆ ಹೊಂಗೆಯ ಮರದ ಕೆಳಗೆ ಅವ್ವ ಕಾಯುತ್ತಿದ್ದಳು. ಸುತ್ತಲೂ ಅಪ್ಪ ಅಮ್ಮಂದಿರು ಮಕ್ಕಳ ಪ್ರಮಾಣಪತ್ರ ಎದೆಗೊತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಅದನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದು, ತಗೋ ಅವ್ವ ಎಂದೆ. ಅವಳ ಕೈಗಳು ಮುಂದೆ ಬಂದವು. ಅರ್ಧಕ್ಕೆ ನಿಂತವು. ಸೆರಗಿಗೆ ಒರೆಸಿಕೊಂಡಳು, ಒರೆಸಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು. ತಗೋ, ಏನಾಗಲ್ಲ ಎಂದು ಇನ್ನೊಮ್ಮೆ ಹೇಳಿದೆ. ಅವಳು ಕಾಗದದ ಹತ್ತಿರಕ್ಕೆ ಮುಖ ತಂದು, ಅದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ಅಲ್ಲೇ ನೋಡಿದಳು.

"ನೀನ ಹಿಡ್ಕೊಂಡಿರವ್ವ," ಎಂದಳು. "ನಾ ನೋಡ್ತೀನಿ."